ಕೊನೆಯ ಐದು ಓವರ್‌ಗಳ ಮೇಲಿನ ಆರೋಪ: ಕರಾವಳಿಯ ಒಂದು ತಂಡದ ಚೇಸ್ ಲೆಕ್ಕ

ಇದು ಉತ್ತರ ಕನ್ನಡ ಕರಾವಳಿಯ ಒಂದು ಕ್ರಿಕೆಟ್ ತಂಡದ ಪ್ರಕರಣ. ಯಾರ ಗುರುತೂ ಸಿಗಬಾರದು ಎಂದು ಊರಿನ, ತಂಡದ, ಆಟಗಾರರ ಹೆಸರು ಬಿಟ್ಟಿದ್ದೇನೆ. ಪಂದ್ಯದ ಸ್ಕೋರ್‌ಗಳನ್ನೂ ಅಲ್ಲಲ್ಲಿ ಸ್ವಲ್ಪ ಬದಲಿಸಿದ್ದೇನೆ. ಲೆಕ್ಕ ಮಾಡಿದ ರೀತಿ ಮತ್ತು ತಂಡ ತೆಗೆದುಕೊಂಡ ತೀರ್ಮಾನಗಳು ಮಾತ್ರ ಇದ್ದದ್ದು ಇದ್ದ ಹಾಗೇ ಇವೆ. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ಆ ಕಾರಣಕ್ಕೇ ತಂಡದವರು ನನ್ನನ್ನು ಕರೆದರು.

ನಮ್ಮ ಕಡೆ ಹೆಚ್ಚು ನಡೆಯುವುದು ಟೆನ್ನಿಸ್ ಬಾಲ್ ಪಂದ್ಯಗಳು. ಈ ತಂಡ ಆಡುವುದು ಲೆದರ್ ಬಾಲ್‌ನಲ್ಲಿ, ಮ್ಯಾಟ್ ಮೇಲೆ, 20 ಓವರ್. ಮಳೆ ನಿಂತು ಮೈದಾನ ಒಣಗಿದ ಮೇಲೆ ಶುರು. ಎದುರಾಳಿಗಳು ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಕಡೆಯವರು. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದವರೂ ಬರುತ್ತಾರೆ. ತಂಡದಲ್ಲಿ ಬ್ಯಾಂಕಿನವರು, ಅಂಗಡಿ ಇಟ್ಟವರು, ವಿದ್ಯಾರ್ಥಿಗಳು, ಮೀನಿನ ಬೋಟಿಗೆ ಹೋಗುವವರು ಎಲ್ಲ ಇದ್ದಾರೆ. ಬೋಟು ಸಮುದ್ರಕ್ಕೆ ಹೋದ ವಾರ ಇಬ್ಬರು ಮೂವರು ಇರುವುದಿಲ್ಲ. ಘಟ್ಟದ ಮೇಲಿನ ತಂಡಗಳಿಗೆ ಅಡಿಕೆ ಕೊಯ್ಲಿನ ಹೊತ್ತಿಗೆ ಇದೇ ತೊಂದರೆ. ಹೀಗಾಗಿ ಹೆಸರು ಒಂದೇ ಆದರೂ ಪಂದ್ಯದಿಂದ ಪಂದ್ಯಕ್ಕೆ ಆಡುವ ಹನ್ನೊಂದು ಜನ ಬೇರೆ ಬೇರೆ. ಸಣ್ಣ ತಂಡಗಳ ಅಂಕಿ ನೋಡುವಾಗ ಇದು ನೆನಪಿನಲ್ಲಿರಬೇಕು.

ಈ ತಂಡದ ದೊಡ್ಡ ಆಸ್ತಿ ಅವರ ಸ್ಕೋರರ್. ನಿವೃತ್ತ ಶಾಲಾ ಮಾಸ್ತರು. ಪ್ರತಿ ಎಸೆತ, ಪ್ರತಿ ಓವರ್ ಮುಗಿದಾಗಿನ ಮೊತ್ತ, ಪ್ರತಿ ವಿಕೆಟ್ ಬಿದ್ದಾಗಿನ ಸ್ಕೋರ್, ಎಲ್ಲ ಅವರ ಪುಸ್ತಕದಲ್ಲಿ ಇರುತ್ತದೆ. ಯಾವ ತುದಿಯಿಂದ ಯಾರು ಬೌಲ್ ಮಾಡಿದರು ಎನ್ನುವುದನ್ನೂ ಪುಟದ ಅಂಚಿನಲ್ಲಿ ಬರೆದಿಟ್ಟಿದ್ದರು. ಮಳೆಗಾಲದ ತೇವಕ್ಕೆ ಕೆಲವು ಪುಟ ಅಂಟಿಕೊಂಡಿದ್ದವು. ಉಳಿದದ್ದು ಸಾಕಷ್ಟಿತ್ತು.

ತಂಡದ ದೂರು ಇಷ್ಟು. ಎರಡನೆಯದಾಗಿ ಬ್ಯಾಟ್ ಮಾಡಿ ಎದುರಾಳಿಯ ಮೊತ್ತದ ಬೆನ್ನು ಹತ್ತಿದ, ಅಂದರೆ ಚೇಸ್ ಮಾಡಿದ, ಕಳೆದ 10 ಪಂದ್ಯಗಳಲ್ಲಿ 7 ಸೋತಿದ್ದಾರೆ. ಸೋತ ಹೆಚ್ಚಿನ ಪಂದ್ಯಗಳಲ್ಲಿ ಕೊನೆಯ ಹೊತ್ತಿಗೆ ಕ್ರೀಸ್‌ನಲ್ಲಿ ಇದ್ದವನು ಆರನೇ ನಂಬರಿಗೆ ಇಳಿಯುವ ಒಬ್ಬ ಹುಡುಗ. ಕ್ಯಾಪ್ಟನ್ ಹೇಳಿದ್ದು ಹೀಗೆ: "ಸರ್, ಹದಿನೈದು ಓವರ್ ತನಕ ಮ್ಯಾಚ್ ನಮ್ದೇ ಇರ್ತದೆ. ಕೊನೆಗೆ ಬಂದು ಮುಳುಗ್ತೇವೆ." ಸಮಿತಿಯ ಮುಂದೆ ಎರಡು ಸಲಹೆ ಇದ್ದವು. ಒಂದು, ಆ ಹುಡುಗನನ್ನು ಕೈಬಿಡುವುದು. ಇನ್ನೊಂದು, ಟಾಸ್ ಗೆದ್ದರೆ ಕಣ್ಣು ಮುಚ್ಚಿ ಮೊದಲು ಬ್ಯಾಟಿಂಗ್ ಆರಿಸುವುದು.

ನನ್ನನ್ನು ಕರೆಯುವ ಮೊದಲೇ ಅವರು ಒಂದು ಉಪಾಯ ಮಾಡಿ ನೋಡಿದ್ದರು. ಗೆದ್ದ ಚೇಸ್‌ಗಳಲ್ಲಿ ಕೊನೆಗೆ ವಿಕೆಟ್ ಜಾಸ್ತಿ ಉಳಿದಿರುತ್ತವೆ, ಸೋತವುಗಳಲ್ಲಿ ಉಳಿದಿರುವುದಿಲ್ಲ ಎಂದು ಯಾರೋ ಗಮನಿಸಿದ್ದರು. ಹಾಗಾದರೆ ವಿಕೆಟ್ ಉಳಿಸಿಕೊಂಡರೆ ಗೆಲ್ಲಬಹುದು ಅಲ್ವಾ? 12 ಓವರ್ ತನಕ ಯಾರೂ ಎತ್ತಿ ಹೊಡೆಯಬಾರದು ಎಂದು ನಿಯಮವಾಯಿತು. ಮುಂದಿನ ಪಂದ್ಯದಲ್ಲಿ 150ರ ಬೆನ್ನು ಹತ್ತಿ 4 ವಿಕೆಟ್‌ಗೆ 131ಕ್ಕೆ ನಿಂತರು. ಐವರು ಪ್ಯಾಡ್ ಕಟ್ಟಿಕೊಂಡು ಹೊರಗೆ ಕುಳಿತೇ ಇದ್ದರು.

ಅಂಕಿಯಲ್ಲಿ ಸುಳ್ಳಿರಲಿಲ್ಲ. ಅದನ್ನು ಓದಿದ ರೀತಿ ತಪ್ಪಾಗಿತ್ತು. ಚೆನ್ನಾಗಿ ಆಡಿದಾಗ ವಿಕೆಟ್ ತಾನಾಗಿ ಉಳಿಯುತ್ತದೆ. ಗೆಲುವೂ ವಿಕೆಟ್ ಉಳಿಕೆಯೂ ಒಂದೇ ಕಾರಣದಿಂದ ಬರುತ್ತವೆ. ಒಂದನ್ನು ಹಿಡಿದು ಎಳೆದರೆ ಇನ್ನೊಂದು ಬರುವುದಿಲ್ಲ. ಚೇಸ್ ಬಗ್ಗೆ ನಡೆಯುವ ಮಾತುಗಳಲ್ಲಿ ಇಷ್ಟು ನಷ್ಟ ಮಾಡುವ ತಪ್ಪು ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಇನ್ನು ಬೇಕಾದ ರನ್ ರೇಟ್. ಟಿವಿಯಲ್ಲಿ ಕಾಣುವುದು ಅದೇ, ಎಲ್ಲರ ಬಾಯಲ್ಲೂ ಅದೇ. ಆದರೆ 10 ಓವರ್‌ಗೆ 70 ಬೇಕು ಅಂದಾಗ ರೇಟ್ 7. ಒಂದು ವಿಕೆಟ್ ಬಿದ್ದಿದ್ದರೂ 7, ಆರು ಬಿದ್ದಿದ್ದರೂ 7. ಈ ಎರಡು ಸ್ಥಿತಿಗಳು ಒಂದೇ ಎಂದು ಕ್ರಿಕೆಟ್ ಆಡಿದ ಯಾರೂ ಒಪ್ಪುವುದಿಲ್ಲ. ವಿಕೆಟ್ಟನ್ನೂ ಎಸೆತವನ್ನೂ ಒಟ್ಟಿಗೆ ತೂಗುವ ಅಳತೆ ಬೇಕಿತ್ತು.

ಬೋಟಿಗೆ ಹೋಗುವ ಆಟಗಾರರಿಗೆ ಇದನ್ನು ವಿವರಿಸುವುದು ಸುಲಭವಾಯಿತು. ಬೋಟು ಹೊರಡುವಾಗ ಡೀಸೆಲ್ಲೂ ಬೇಕು, ಐಸೂ ಬೇಕು. ಯಾವುದು ಮೊದಲು ಮುಗಿದರೂ ವಾಪಸ್ ಬರಬೇಕು. ದಡಕ್ಕೆ ಬಂದ ಮೇಲೆ ಉಳಿದ ಐಸಿಗೆ ಬೆಲೆ ಇಲ್ಲ. ಬ್ಯಾಟಿಂಗ್ ತಂಡಕ್ಕೆ ಎಸೆತ ಮತ್ತು ವಿಕೆಟ್ ಅಂಥ ಎರಡು ಬಂಡವಾಳ.

ಈ ಬಂಡವಾಳವನ್ನು ಅಂಕಿಯಲ್ಲಿ ಹೇಳುವ ಕೋಷ್ಟಕ ಈಗಾಗಲೇ ಇದೆ. 1992ರ ವಿಶ್ವಕಪ್ ಸೆಮಿಫೈನಲ್ ಹಲವರಿಗೆ ನೆನಪಿರಬಹುದು. ಸಿಡ್ನಿಯಲ್ಲಿ ದಕ್ಷಿಣ ಆಫ್ರಿಕಾಕ್ಕೆ 13 ಎಸೆತಕ್ಕೆ 22 ಬೇಕಿತ್ತು. ಮಳೆ ಬಂದು ಹೋದಾಗ ಅದು 1 ಎಸೆತಕ್ಕೆ 21 ಆಯಿತು. ಇಂಥ ಅನ್ಯಾಯ ತಪ್ಪಿಸಲು ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಫ್ರಾಂಕ್ ಡಕ್‌ವರ್ತ್, ಟೋನಿ ಲೂಯಿಸ್ ಜೊತೆ ಸೇರಿ, ಮಳೆಗೆ ಓವರ್ ಕಡಿಮೆಯಾದಾಗ ಗುರಿಯನ್ನು ಹೊಸದಾಗಿ ಲೆಕ್ಕ ಹಾಕುವ ಒಂದು ವಿಧಾನ ರೂಪಿಸಿದರು. 1997ರ ಜನವರಿ 1ರಂದು ಹರಾರೆಯಲ್ಲಿ ಜಿಂಬಾಬ್ವೆ–ಇಂಗ್ಲೆಂಡ್ ಪಂದ್ಯದಲ್ಲಿ ಅದು ಮೊದಲ ಸಲ ಬಳಕೆಯಾಯಿತು. ಈಗ ಸ್ಟೀವನ್ ಸ್ಟರ್ನ್ ಹೆಸರೂ ಸೇರಿ ಡಿಎಲ್ಎಸ್ ಆಗಿದೆ. ನಾವೆಲ್ಲ ಅದನ್ನು ಮಳೆ ನಿಯಮ ಎಂದಷ್ಟೇ ನೋಡುತ್ತೇವೆ. ಅದರ ಒಳಗಿನ ಕೋಷ್ಟಕಕ್ಕೆ ಮಳೆಯೇ ಬೇಕಿಲ್ಲ. ಬಿಸಿಲಲ್ಲಿ ಮುಗಿದ ಪಂದ್ಯವನ್ನೂ ಅದರಿಂದ ಓದಬಹುದು.

ಹಳೆಯ ಸ್ಟ್ಯಾಂಡರ್ಡ್ ಕೋಷ್ಟಕವನ್ನು ಕಂಪ್ಯೂಟರ್ ಇಲ್ಲದೆ ಬಳಸಬಹುದು. ಅದರಲ್ಲಿ 50 ಓವರ್, 10 ವಿಕೆಟ್ ಅಂದರೆ ಪೂರ್ತಿ ಬಂಡವಾಳ, ಶೇ. 100. ಬರೀ 20 ಓವರ್ ಇದ್ದು 10 ವಿಕೆಟ್ ಇದ್ದರೆ 56.6. ನಮ್ಮ ಪಂದ್ಯ ಶುರುವಾಗುವುದೇ ಅಲ್ಲಿಂದ. 10 ಓವರ್ ಉಳಿದಾಗ ಒಂದೂ ವಿಕೆಟ್ ಬೀಳದಿದ್ದರೆ 32.1 ಉಳಿದಿರುತ್ತದೆ. ನಾಲ್ಕು ಬಿದ್ದಿದ್ದರೆ 28.3. ಆರು ಬಿದ್ದಿದ್ದರೆ 22.8. ಎಂಟು ಬಿದ್ದಿದ್ದರೆ ಬರೀ 11.4.

ಎದುರಾಳಿ 139 ಹೊಡೆದಿದ್ದಾರೆ ಎಂದುಕೊಳ್ಳಿ. ಹತ್ತು ಓವರ್ ಮುಗಿದಾಗ ನಾಲ್ಕು ವಿಕೆಟ್ ಹೋಗಿದ್ದರೆ 56.6ರಲ್ಲಿ ಸರಿಯಾಗಿ ಅರ್ಧ ಬಂಡವಾಳ ಖರ್ಚಾಗಿದೆ. ಅಂದರೆ ಅರ್ಧ ರನ್ ಆಗಿರಬೇಕು, ಸುಮಾರು 70. ಇದು ಪಾರ್ ಸ್ಕೋರ್, ಅಂದರೆ ಆ ಹೊತ್ತಿಗೆ ಸರಿಸಮವಾಗಿರಲು ಬೇಕಾದ ಮೊತ್ತ. ವಿಕೆಟ್ಟೇ ಹೋಗಿರದಿದ್ದರೆ 60 ಸಾಕು. ಆರು ಹೋಗಿದ್ದರೆ 83 ಬೇಕು. ಹತ್ತನೇ ಓವರ್ ಹೊತ್ತಿಗೆ ಐದನೇ ಮತ್ತು ಆರನೇ ವಿಕೆಟ್ ಕಳೆದುಕೊಳ್ಳುವುದರ ಬೆಲೆ ಹೀಗೆ 13 ರನ್.

ಈಗ ಹದಿನೈದು ಓವರ್ ಮುಗಿದಾಗ ನೋಡಿ. ನಾಲ್ಕು ಹೋಗಿದ್ದರೆ ಪಾರ್ ಸುಮಾರು 100, ಆರು ಹೋಗಿದ್ದರೆ 104. ಅದೇ ಎರಡು ವಿಕೆಟ್, ಬೆಲೆ ಬರೀ 4 ರನ್. ಕಪ್ಪು ಹಲಗೆಯ ಮೇಲೆ ಇದನ್ನು ಬರೆದು ತೋರಿಸಿದಾಗ ಕ್ಯಾಪ್ಟನ್ ತುಂಬಾ ಹೊತ್ತು ನೋಡುತ್ತಾ ನಿಂತರು. ಅವರ ತಂಡ ಹದಿನೈದನೇ ಓವರ್ ದಾಟಿದ ಮೇಲೂ ವಿಕೆಟ್ ಕಾಪಾಡುತ್ತಿತ್ತು. ಆ ಹೊತ್ತಿಗೆ ಅದಕ್ಕೆ ಹೆಚ್ಚು ಬೆಲೆ ಉಳಿದಿರುವುದಿಲ್ಲ.

ಈ ಕೋಷ್ಟಕಕ್ಕೆ ಮಿತಿಗಳಿವೆ. ಅದು ಹುಟ್ಟಿದ್ದು ದೊಡ್ಡ ಮಟ್ಟದ 50 ಓವರ್ ಪಂದ್ಯಗಳ ಅಂಕಿಯಿಂದ. ನಮ್ಮ ಊರಿನ ತಂಡಗಳಲ್ಲಿ ಏಳನೇ ನಂಬರಿನ ನಂತರ ಬ್ಯಾಟ್ ಹಿಡಿಯುವವರೇ ಕಡಿಮೆ. ಆರು ವಿಕೆಟ್ ಬಿದ್ದಾಗ ಕೋಷ್ಟಕ ಹೇಳುವುದಕ್ಕಿಂತ ನಮ್ಮ ಸ್ಥಿತಿ ಕೆಟ್ಟದಾಗಿರುತ್ತದೆ. ಹಾಗಾಗಿ ಗೆಲ್ಲುವ ಸಾಧ್ಯತೆ ಇಷ್ಟು ಎಂದು ಹೇಳಲು ನಾನು ಇದನ್ನು ಬಳಸಲಿಲ್ಲ. ಪಂದ್ಯ ಯಾವ ಓವರ್‌ನಲ್ಲಿ ಕೈಜಾರಿತು ಎಂದು ಹುಡುಕಲು ಮಾತ್ರ ಬಳಸಿದೆ. ಅಷ್ಟಕ್ಕೆ ಇದು ಸಾಕು.

ಮಾಸ್ತರ ಪುಸ್ತಕ ತೆಗೆದು ಕೂತೆವು. ಅವರು ಓದುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಪ್ರತಿ ಚೇಸ್‌ಗೆ, ಪ್ರತಿ ಓವರ್ ಕೊನೆಗೆ, ಇದ್ದ ಸ್ಕೋರ್ ಮತ್ತು ಇರಬೇಕಾಗಿದ್ದ ಪಾರ್ ಸ್ಕೋರ್. ಎರಡರ ಅಂತರವನ್ನು ಚೌಕಳಿ ಹಾಳೆಯ ಮೇಲೆ ಗೆರೆಯಾಗಿ ಎಳೆದೆವು. ಮಧ್ಯದ ಸೊನ್ನೆ ಗೆರೆಯ ಮೇಲಿದ್ದರೆ ತಂಡ ಮುಂದಿದೆ, ಕೆಳಗಿದ್ದರೆ ಹಿಂದಿದೆ.

ಸೋತ 7 ಪಂದ್ಯಗಳಲ್ಲಿ 5ರ ಗೆರೆ ಒಂದೇ ತರ ಇತ್ತು. ಮೊದಲ ಆರು ಓವರ್ ಸೊನ್ನೆಯ ಆಸುಪಾಸು. ಏಳರಿಂದ ಹನ್ನೆರಡನೇ ಓವರ್ ನಡುವೆ ಕೆಳಗೆ ಜಾರುತ್ತದೆ. ಹದಿನೈದರ ನಂತರ ಹೆಚ್ಚು ಕಡಿಮೆ ಸಮನಾಗಿ ಸಾಗುತ್ತದೆ. ಕೊನೆಯ ಐದು ಓವರ್‌ಗಳಲ್ಲಿ ತಂಡ ಹೊಸದಾಗಿ ಏನೂ ಕಳೆದುಕೊಳ್ಳುತ್ತಿರಲಿಲ್ಲ. ಸೋಲು ಕಣ್ಣಿಗೆ ಕಾಣುತ್ತಿದ್ದದ್ದು ಅಲ್ಲಿ, ಆಗಿದ್ದು ಅದಕ್ಕೂ ಮುಂಚೆ.

ಆ ನಡುವಿನ ಓವರ್‌ಗಳಲ್ಲಿ ಏನಾಗುತ್ತಿತ್ತು? ಆರು ಓವರ್ ಮುಗಿದು ಫೀಲ್ಡರ್‌ಗಳು ಬೌಂಡರಿಗೆ ಹೋಗುತ್ತಾರೆ. ಸ್ಪಿನ್ನರ್ ಬರುತ್ತಾನೆ. ಓಪನರ್‌ಗಳಿಗೆ ಹೊಡೆಯಲು ಗೊತ್ತು, ಒಂದೊಂದು ರನ್ ಕದಿಯಲು ಗೊತ್ತಿಲ್ಲ. ಪುಸ್ತಕದಲ್ಲಿ ಸಾಲಾಗಿ ಚುಕ್ಕಿಗಳು, ಅಂದರೆ ರನ್ ಬಾರದ ಎಸೆತಗಳು. ನಾಲ್ಕೈದು ಡಾಟ್ ಬಾಲ್ ಆದ ಮೇಲೆ ತಡೆಯಲಾರದೆ ಒಂದು ದೊಡ್ಡ ಹೊಡೆತ, ಒಂದು ವಿಕೆಟ್. ಎಸೆತವೂ ಹೋಯಿತು, ವಿಕೆಟ್ಟೂ ಹೋಯಿತು. ಬೇಕಾದ ರೇಟ್ ಆಗಿನ್ನೂ 8ರ ಹತ್ತಿರವೇ ಇರುತ್ತಿತ್ತು, ಹಾಗಾಗಿ ಹೊರಗೆ ಕುಳಿತವರಿಗೆ ಗಾಬರಿಯಾಗುತ್ತಿರಲಿಲ್ಲ. "ಹದಿನೈದು ಓವರ್ ತನಕ ನಮ್ದೇ" ಎಂಬ ಮಾತು ಬಂದದ್ದು ಇಲ್ಲಿಂದ.

ಆರನೇ ನಂಬರಿನ ಹುಡುಗನ ಲೆಕ್ಕಕ್ಕೆ ಬರೋಣ. ಸಮಿತಿಯವರು ಅವನ ಸರಾಸರಿ ನೋಡಿದ್ದರು, ಅದು ಚೆನ್ನಾಗಿರಲಿಲ್ಲ. ನಾವು ಬೇರೆ ಪ್ರಶ್ನೆ ಕೇಳಿದೆವು. ಅವನು ಇಳಿದಾಗ ತಂಡ ಪಾರ್‌ಗಿಂತ ಎಷ್ಟು ಹಿಂದಿತ್ತು, ಔಟಾದಾಗ ಅಥವಾ ಪಂದ್ಯ ಮುಗಿದಾಗ ಎಷ್ಟು ಹಿಂದಿತ್ತು? ಒಂದು ಪಂದ್ಯದಲ್ಲಿ ಬಂದಾಗ 14 ಹಿಂದೆ, ಅವನು ಔಟಾದ ಮೇಲೆ ಆ ವಿಕೆಟ್‌ನ ಬೆಲೆಯನ್ನೂ ಸೇರಿಸಿ 9 ಹಿಂದೆ. ಹೆಚ್ಚಿನ ಪಂದ್ಯಗಳಲ್ಲಿ ಇದೇ ತರ ಅಂತರ ಸ್ವಲ್ಪ ಕಡಿಮೆಯಾಗಿತ್ತು, ಹೆಚ್ಚಿರಲಿಲ್ಲ. ಇದರಲ್ಲಿ ಜೊತೆಗಾರನ ರನ್ನೂ ಸೇರಿದೆ, ಇನಿಂಗ್ಸ್‌ಗಳೂ ಬೆರಳೆಣಿಕೆಯಷ್ಟು. ಹಾಗಾಗಿ ಅವನು ತಂಡದ ಅತ್ಯುತ್ತಮ ಬ್ಯಾಟ್ಸ್‌ಮನ್ ಎಂದು ಹೇಳಲು ಬರುವುದಿಲ್ಲ. ಆದರೆ ಸೋಲಿಗೆ ಅವನೇ ಕಾರಣ ಎಂದು ಹೇಳಲು ಪುಸ್ತಕದಲ್ಲಿ ಯಾವ ಆಧಾರವೂ ಇರಲಿಲ್ಲ. ಮುಳುಗುತ್ತಿರುವಾಗಲೇ ಯಾವಾಗಲೂ ಕರೆಸಿಕೊಳ್ಳುವ ಆಟಗಾರನ ಹೆಸರು ಸೋಲಿನ ಜೊತೆ ಅಂಟಿಕೊಳ್ಳುತ್ತದೆ. ಈ ಹುಡುಗ ಇದಕ್ಕಾಗಿ ಆಟ ಬಿಟ್ಟುಬಿಡುವ ಹಂತದಲ್ಲಿದ್ದ. ಅದು ನನಗೆ ತುಂಬಾ ಬೇಸರ ತಂದ ವಿಷಯ.

ಸಮಿತಿಯ ಸಭೆಯಲ್ಲಿ ಎಲ್ಲರೂ ಒಪ್ಪಲಿಲ್ಲ. ಹಿರಿಯರೊಬ್ಬರು 2011ರ ವಿಶ್ವಕಪ್ಪಿನ ಐರ್ಲೆಂಡ್ ಉದಾಹರಣೆ ಕೊಟ್ಟರು. ಚಿನ್ನಸ್ವಾಮಿ ಮೈದಾನದಲ್ಲಿ ಇಂಗ್ಲೆಂಡ್ 327 ಹೊಡೆದಿತ್ತು. ಐರ್ಲೆಂಡ್ 111ಕ್ಕೆ 5. ಆಮೇಲೆ ಕೆವಿನ್ ಓಬ್ರಿಯನ್ 50 ಎಸೆತಕ್ಕೆ ಶತಕ ಹೊಡೆದರು, ಐದು ಎಸೆತ ಉಳಿದಿರುವಾಗ ಐರ್ಲೆಂಡ್ ಗೆದ್ದಿತು. "ನಿಮ್ಮ ಪಾರ್ ಅಲ್ಲಿ ಏನು ಹೇಳ್ತಿತ್ತು ಸರ್?" ಎಂದರು. ಒಳ್ಳೆಯ ಪ್ರಶ್ನೆ. ಅಲ್ಲೇ ಲೆಕ್ಕ ಹಾಕಿದೆವು. ಅರ್ಧ ಓವರ್‌ಗಳು ಮುಗಿದು ಐದು ವಿಕೆಟ್ ಹೋದಾಗ ಉಳಿಯುವ ಬಂಡವಾಳ ಸುಮಾರು 42. ಪಾರ್ 190ರ ಹತ್ತಿರ. ಐರ್ಲೆಂಡ್ ಸುಮಾರು 80 ರನ್ ಹಿಂದಿತ್ತು. ಹಾಗಿದ್ದೂ ಗೆದ್ದಿತು. ಪಾರ್ ಭವಿಷ್ಯ ಹೇಳುವುದಿಲ್ಲ. ಆದರೆ ಆ ದಿನ ಓಬ್ರಿಯನ್ ಮಾಡಿದ್ದು ಎಷ್ಟು ದೊಡ್ಡದು ಎಂದು ಹೇಳುತ್ತದೆ. ಅಂಥ ಇನಿಂಗ್ಸ್ ಪ್ರತಿ ಭಾನುವಾರ ಬರಲಿ ಎಂದು ಕಾಯುವುದು ಯೋಜನೆ ಅಲ್ಲ. ಹಿರಿಯರು ಇದನ್ನು ಒಪ್ಪಿದರು.

ಮಾಡಿದ ತೀರ್ಮಾನ ಸರಳವಾಗಿತ್ತು. ಬ್ಯಾಟಿಂಗ್ ಕ್ರಮವನ್ನು ನಂಬರಿನ ಪ್ರಕಾರ ಅಲ್ಲ, ಓವರ್ ನೋಡಿ ನಿರ್ಧರಿಸುವುದು. ಆರು ಓವರ್ ಒಳಗೆ ವಿಕೆಟ್ ಬಿದ್ದರೆ ತಾಳ್ಮೆಯಿಂದ ಆಡುವ ಹಳೆಯ ಆಟಗಾರ. ಏಳನೇ ಓವರ್ ನಂತರ ಬಿದ್ದರೆ ಆ ಹುಡುಗ. ಅವನು ಚುರುಕಾಗಿ ಓಡುತ್ತಾನೆ, ಸ್ಪಿನ್ ಎದುರು ಲಾಂಗ್ ಆನ್ ಕಡೆ ತಳ್ಳಿ ಒಂದು ರನ್ ತೆಗೆಯುತ್ತಾನೆ. 2011ರ ಫೈನಲ್‌ನಲ್ಲಿ ಧೋನಿ ಯುವರಾಜ್‌ಗಿಂತ ಮೊದಲು ಇಳಿದದ್ದನ್ನು ಯಾರೋ ನೆನಪಿಸಿದರು. ಹುಡುಗನಿಗೆ ಅದು ಧೈರ್ಯ ಕೊಟ್ಟಿತು.

ಮೊದಲ ಪಂದ್ಯದಲ್ಲಿ ಅವನು ಎರಡನೇ ಎಸೆತಕ್ಕೇ ಔಟ್. ತಂಡ 6 ರನ್‌ನಿಂದ ಸೋತಿತು.

ಇಡೀ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ಸಂಜೆ. ಹಳೆಯ ಕ್ರಮಕ್ಕೆ ವಾಪಸ್ ಹೋಗುವಾ ಎಂದು ಮೂರು ಜನ ಹೇಳಿದರು. ಕ್ಯಾಪ್ಟನ್ ಮಾಸ್ತರ ಕಡೆ ತಿರುಗಿ "ಮಾಸ್ತರೇ, ಏಳರಿಂದ ಹನ್ನೆರಡು ಓದಿ ನೋಡ್ವಾ" ಎಂದರು. ಹುಡುಗ ಬೇಗ ಹೋದರೂ ಉಳಿದವರು ಆ ಆರು ಓವರ್‌ಗಳಲ್ಲಿ ಓಡಿ ಓಡಿ ರನ್ ತೆಗೆದಿದ್ದರು. ಚುಕ್ಕಿಗಳು ಕಡಿಮೆಯಾಗಿದ್ದವು. ಗೆರೆ ಜಾರಿರಲಿಲ್ಲ. ಸೋತದ್ದು ಹತ್ತೊಂಬತ್ತನೇ ಓವರ್‌ನ ಎರಡು ರನೌಟ್‌ಗಳಿಂದ. "ಹಾಗಾದ್ರೆ ಬದಲಿಸುವುದು ಬೇಡ" ಎಂದರು ಕ್ಯಾಪ್ಟನ್. ಸೋತ ದಿನ ಹೀಗೆ ಹೇಳಲು ಧೈರ್ಯ ಬೇಕು. ಫಲಿತಾಂಶವನ್ನೂ ತೀರ್ಮಾನವನ್ನೂ ಬೇರೆ ಬೇರೆಯಾಗಿ ನೋಡಲು ಅಂಕಿ ಅವರಿಗೆ ಒಂದು ಆಧಾರ ಕೊಟ್ಟಿತ್ತು.

ಮುಂದಿನ ಚೇಸ್ ಶಿರಸಿ ಕಡೆಯ ಒಂದು ತಂಡದ ವಿರುದ್ಧ. ಅವರು 151 ಹೊಡೆದರು. ಹತ್ತು ಓವರ್‌ಗೆ ನಮ್ಮವರು 4 ವಿಕೆಟ್‌ಗೆ 74, ಪಾರ್ 76ರ ಹತ್ತಿರ. ಹದಿನೈದಕ್ಕೆ ಅದೇ 4 ವಿಕೆಟ್‌ಗೆ 107, ಪಾರ್ 108. ಹದಿನಾರನೇ ಓವರ್‌ನಲ್ಲಿ ಐದನೇ ವಿಕೆಟ್ ಹೋಯಿತು. ಮೊದಲಾಗಿದ್ದರೆ ಅಲ್ಲಿ ಬ್ಯಾಟು ಮುಚ್ಚಿಕೊಳ್ಳುತ್ತಿದ್ದರು. ಈ ಸಲ ಒಳಗೆ ಬಂದವನು ಮೊದಲ ಎಸೆತದಿಂದಲೇ ಹೊಡೆದ. ಮೂರು ಎಸೆತ ಉಳಿದಿರುವಾಗ ಗೆದ್ದರು. ಒಂದು ಗೆಲುವಿನಿಂದ ಏನೂ ಸಾಬೀತಾಗುವುದಿಲ್ಲ, ಅದನ್ನು ತಂಡಕ್ಕೆ ಅದೇ ದಿನ ಹೇಳಿದೆ. ನಾನು ನೋಡುತ್ತಿದ್ದದ್ದು ಗೆರೆಯನ್ನು. ಆ ಋತುವಿನ ಉಳಿದ ಚೇಸ್‌ಗಳಲ್ಲೂ ನಡುವಿನ ಜಾರು ಮೊದಲಿನಷ್ಟು ಕಾಣಲಿಲ್ಲ. ಗೆದ್ದದ್ದೂ ಇತ್ತು, ಸೋತದ್ದೂ ಇತ್ತು.

ಪುಟದ ಅಂಚಿನಲ್ಲಿ ಮಾಸ್ತರು ಬರೆದಿದ್ದ ತುದಿಗಳ ವಿವರ ಇನ್ನೊಂದು ವಿಷಯ ತೋರಿಸಿತು. ತಂಡದ ಸ್ವಂತ ಮೈದಾನ ಕಡಲಿಗೆ ಹತ್ತಿರ. ಮಧ್ಯಾಹ್ನ ಪಡುವಣ ಗಾಳಿ ಜೋರಾಗುವ ಹೊತ್ತಿಗೇ ಎರಡನೇ ಇನಿಂಗ್ಸ್ ನಡೆಯುತ್ತದೆ. ಕಡಲಿನ ತುದಿಯಿಂದ ಬೌಲ್ ಮಾಡುವಾಗ ಬ್ಯಾಟ್ಸ್‌ಮನ್ ನೇರ ಹೊಡೆದರೆ ಚೆಂಡು ಗಾಳಿಗೆ ಎದುರಾಗಿ ನಿಲ್ಲುತ್ತದೆ. ಆ ತುದಿಯಿಂದ ನೇರ ಎತ್ತಿ ಹೊಡೆದು ಔಟಾದವರ ಪಟ್ಟಿ ಉದ್ದವಾಗಿತ್ತು. ಎದುರಾಳಿ ಕ್ಯಾಪ್ಟನ್‌ಗಳಿಗೆ ಇದು ಗೊತ್ತಿತ್ತು, ಸ್ಪಿನ್ನರ್‌ಗಳನ್ನು ಅಲ್ಲಿಂದಲೇ ಹಾಕುತ್ತಿದ್ದರು. ಘಟ್ಟದ ಮೇಲೆ ಈ ಗಾಳಿ ಇಲ್ಲ. ಆದ್ದರಿಂದ ಇದು ಆ ಮೈದಾನಕ್ಕೆ ಮಾತ್ರದ ಮಾತು: ಕಡಲ ತುದಿಯಿಂದ ಒಂದು-ಎರಡು ರನ್, ಇನ್ನೊಂದು ತುದಿಯಿಂದ ದೊಡ್ಡ ಹೊಡೆತ.

ಟಾಸ್ ವಿಷಯ ಉಳಿಯಿತು. 10ರಲ್ಲಿ 7 ಸೋಲು ಅಂದರೆ ಚೇಸ್ ನಮಗೆ ಆಗಿಬರುವುದಿಲ್ಲ ಎಂದು ಅನ್ನಿಸುವುದು ಸಹಜ. ಆದರೆ ಗೆಲುವು ಸೋಲು ಸರಿಸಮ ಇರುವ ತಂಡವೂ 10ರಲ್ಲಿ 7 ಅಥವಾ ಹೆಚ್ಚು ಸೋಲುವ ಸಾಧ್ಯತೆ ಶೇ. 17. ಅಂದರೆ ಅಂಥ ಆರು ತಂಡಗಳಲ್ಲಿ ಒಂದಕ್ಕೆ ಸುಮ್ನೆ ಅದೃಷ್ಟದಿಂದಲೇ ಹೀಗಾಗುತ್ತದೆ. ಮೇಲಾಗಿ ಆ ಹತ್ತರಲ್ಲಿ ಹೆಚ್ಚಿನವು ಬಲವಾದ ತಂಡಗಳ ವಿರುದ್ಧದವು. ಅವರು ಟಾಸ್ ಗೆದ್ದಾಗ ಮೊದಲು ಬ್ಯಾಟ್ ಮಾಡಿದ್ದರು. ನಮ್ಮವರು ಮೊದಲು ಬ್ಯಾಟ್ ಮಾಡಿ ಗೆದ್ದದ್ದು ಹೆಚ್ಚಾಗಿ ಹೊಸ ತಂಡಗಳ ಮೇಲೆ. ಒಂದೇ ಎದುರಾಳಿಯ ವಿರುದ್ಧ ಆಡಿದ ಪಂದ್ಯಗಳನ್ನು ಮಾತ್ರ ಹೋಲಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಸಮಿತಿ ಟಾಸ್ ನಿಯಮ ಮಾಡುವುದನ್ನು ಕೈಬಿಟ್ಟಿತು. ಈಗ ಆ ದಿನದ ಮ್ಯಾಟ್, ಗಾಳಿ, ಬಂದಿರುವ ಬೌಲರ್‌ಗಳನ್ನು ನೋಡಿ ಕ್ಯಾಪ್ಟನ್ ನಿರ್ಧರಿಸುತ್ತಾರೆ.

ಕ್ಯಾಪ್ಟನ್ ಜೇಬಿನಲ್ಲಿ ಈಗ ಒಂದು ಚೀಟಿ ಇರುತ್ತದೆ. ಮೊದಲ ಇನಿಂಗ್ಸ್ ಮುಗಿದ ಕೂಡಲೇ ಮಾಸ್ತರು ಬರೆದು ಕೊಡುತ್ತಾರೆ. ಹತ್ತು ಮತ್ತು ಹದಿನೈದನೇ ಓವರ್‌ಗೆ, ಎರಡು, ನಾಲ್ಕು, ಆರು ವಿಕೆಟ್ ಹೋಗಿದ್ದರೆ ಎಷ್ಟು ಇರಬೇಕು ಎಂದು, ಅಷ್ಟೇ. ಆರು ವಿಕೆಟ್‌ನ ಸಾಲಿಗೆ ನಮ್ಮ ಬಾಲಂಗೋಚಿ ಬ್ಯಾಟಿಂಗ್ ನೋಡಿ ಇನ್ನೂ ಕೆಲವು ರನ್ ಸೇರಿಸಬೇಕು. ಎಷ್ಟು ಸೇರಿಸಬೇಕು ಎಂದು ಹೇಳಲು ಒಂದು ತಂಡದ ಪುಸ್ತಕ ಸಾಲದು. ಕರಾವಳಿಯ ಮತ್ತು ಘಟ್ಟದ ಬೇರೆ ತಂಡಗಳೂ ಪ್ರತಿ ಓವರ್‌ನ ಮೊತ್ತ ಮತ್ತು ಬಿದ್ದ ವಿಕೆಟ್ ಬರೆದಿಟ್ಟರೆ ಈ ಭಾಗದ್ದೇ ಒಂದು ಕೋಷ್ಟಕ ಮಾಡಬಹುದು. ಪುಸ್ತಕದಲ್ಲಿ ಬರೆದರೂ ಆಯಿತು, ಮೊಬೈಲ್ ಆ್ಯಪ್‌ನಲ್ಲಿ ಬರೆದರೂ ಆಯಿತು. ಸೋತ ಪಂದ್ಯಗಳ ಪುಟಗಳನ್ನು ಮಾತ್ರ ದಯವಿಟ್ಟು ಎಸೆಯಬೇಡಿ. ಈ ತಂಡಕ್ಕೆ ಉತ್ತರ ಸಿಕ್ಕಿದ್ದು ಹೆಚ್ಚಾಗಿ ಆ ಪುಟಗಳಲ್ಲೇ.